ಗುಳ್ಳೆ ಎಷ್ಟು ಬೇಕು, ಮಿಕ್ಕ ಗಾಳಿ ಎಲ್ಲಿಗೆ ಹೋಗಬೇಕು?

ನಮ್ಮ ಮನೆಗೆ ಮೊದಲ ಫೈಟರ್ ಮೀನು ಬಂದಾಗ ಅದರ ಜೊತೆಗೇ ಒಂದು ಏರ್ ಪಂಪೂ ಬಂತು. ಅಂಗಡಿಯಲ್ಲಿ ಕೊಟ್ಟರು, ನಾನೂ ಕೇಳದೆ ತಗೊಂಡು ಬಂದೆ. ತೊಟ್ಟಿ ಒಂದಡಿಯದು, ಮೀನು ಒಂದೇ, ಪಂಪು ಮಾತ್ರ ಎರಡೂವರೆ ಅಡಿ ತೊಟ್ಟಿಗೆ ಆಗುವಂಥದ್ದು. ಸ್ವಿಚ್ ಹಾಕಿದ್ದೇ ತಡ, ನೀರು ಒಲೆ ಮೇಲಿನ ಎಸರಿನ ಹಾಗೆ ಕೊತಕೊತ ಅನ್ನತೊಡಗಿತು. ಮೀನು ಮೂಲೆಗೆ ಹೋಗಿ, ರೆಕ್ಕೆ ಮಡಚಿಕೊಂಡು, ಗಾಜಿಗೆ ಅಂಟಿ ನಿಂತಿತು. ಅಮ್ಮ ನೋಡಿ, "ಪಾಪ, ಅದನ್ನ ಯಾಕೋ ಎಸರಿಗೆ ಹಾಕಿದೀಯ?" ಅಂದರು.

ಆಗ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಟ್ಯೂಬನ್ನು ಮಡಚಿ ರಬ್ಬರ್ ಬ್ಯಾಂಡ್ ಸುತ್ತಿದೆ. ಗುಳ್ಳೆ ಕಡಿಮೆಯಾಯ್ತು, ಪಂಪಿನ ಸದ್ದು ಜಾಸ್ತಿಯಾಯ್ತು. ಮೂರು ತಿಂಗಳು ಕಳೆಯುವಷ್ಟರಲ್ಲಿ ಅದು ಬಿಸಿಯಾಗಿ, ಗೊರಗೊರ ಅಂದು, ಒಂದು ಬೆಳಿಗ್ಗೆ ಸುಮ್ಮನಾಗಿಬಿಟ್ಟಿತು. ಬಿಚ್ಚಿ ನೋಡಿದರೆ ಒಳಗಿನ ರಬ್ಬರ್ ಹರಿದಿತ್ತು.

ಈ ಪಂಪುಗಳ ಹೊಟ್ಟೆಯೊಳಗೆ ಇರುವುದು ಬಹಳ ಸರಳವಾದ ಸಾಮಾನು. ಒಂದು ತಂತಿಯ ಸುರುಳಿ, ಅದರ ಎದುರಿಗೆ ತುದಿಯಲ್ಲಿ ಆಯಸ್ಕಾಂತ ಇರುವ ಪುಟ್ಟ ತೋಳು, ಆ ತೋಳಿಗೆ ಕಟ್ಟಿದ ರಬ್ಬರಿನ ಬಟ್ಟಲು. ನಮ್ಮ ಮನೆಯ ಕರೆಂಟು 50 ಹರ್ಟ್ಸ್. ಹಾಗಾಗಿ ತೋಳು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಡುತ್ತದೆ. ರಬ್ಬರ್ ಬಟ್ಟಲು ಅಷ್ಟೇ ಸಲ ಗಾಳಿ ಎಳೆದು ಆಚೆ ತಳ್ಳುತ್ತದೆ. ಟ್ಯೂಬಿನ ಬಾಯಿ ಬಿಗಿದರೂ ಅದು ತಳ್ಳುವುದನ್ನು ಬಿಡುವುದಿಲ್ಲ. ದಾರಿ ಇಲ್ಲದ ಗಾಳಿ ತಿರುಗಿ ರಬ್ಬರನ್ನೇ ಒತ್ತುತ್ತದೆ.

ಅದಕ್ಕೇ ಗಾಳಿ ಹದ ಮಾಡುವ ಯಾವ ಸಾಮಾನು ಕೊಳ್ಳುವಾಗಲೂ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಮೀನಿಗೆ ಬೇಡವಾದ ಗಾಳಿ ಎಲ್ಲಿಗೆ ಹೋಗುತ್ತದೆ? ಮುಂದೆ ಹೇಳುವ ದಾರಿಗಳನ್ನೆಲ್ಲ ಈ ಪ್ರಶ್ನೆ ಇಟ್ಟುಕೊಂಡೇ ತೂಗಿದ್ದೇನೆ.

ಯಾವ ಮೀನಿಗೆ ಎಷ್ಟು

ಗುಳ್ಳೆ ಅಡಿಯಿಂದ ಮೇಲಕ್ಕೆ ಬರುವುದು ಒಂದೆರಡು ಸೆಕೆಂಡಲ್ಲಿ. ಅಷ್ಟರೊಳಗೆ ಅದರಿಂದ ನೀರಿಗೆ ಕರಗುವ ಆಮ್ಲಜನಕ ಸ್ವಲ್ಪವೇ. ಗುಳ್ಳೆಯ ದೊಡ್ಡ ಕೆಲಸ ಬೇರೆ ಇದೆ. ಅದು ಅಡಿಯ ನೀರನ್ನು ಮೇಲಕ್ಕೆ ಎಳೆದು ತರುತ್ತದೆ, ಮೇಲ್ಮೈಯನ್ನು ಕದಡುತ್ತದೆ. ನೀರಿಗೆ ಆಮ್ಲಜನಕ ಹೆಚ್ಚಾಗಿ ಸೇರುವುದು ಆ ಮೇಲ್ಮೈಯಲ್ಲಿ. ಅಂದರೆ ನೀರು ಕುದಿಯಬೇಕಾಗಿಲ್ಲ. ಇಡೀ ಮೇಲ್ಮೈ ಸಣ್ಣಗೆ ಅಲುಗುತ್ತಿದ್ದರೆ ಬಹಳ ಮೀನುಗಳಿಗೆ ಸಾಕು.

ನೀರು ಬಿಸಿಯಾದಷ್ಟೂ ಆಮ್ಲಜನಕ ಹಿಡಿದಿಟ್ಟುಕೊಳ್ಳುವುದು ಕಡಿಮೆ. ಸಮುದ್ರಮಟ್ಟದಲ್ಲಿ 20 ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದರೆ, 30 ಡಿಗ್ರಿಯಲ್ಲಿ ಹಿಡಿಯುವುದು ಏಳೂವರೆ ಮಿಲಿಗ್ರಾಂ. ಇದರ ಜೊತೆಗೆ ಎತ್ತರದ ಲೆಕ್ಕವೂ ಇದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಜಾಸ್ತಿ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಸುಮಾರು ಹತ್ತನೇ ಒಂದು ಪಾಲು ಕಡಿಮೆ, ನೀರಿಗೆ ಸೇರುವ ಆಮ್ಲಜನಕವೂ ಅಷ್ಟೇ ಕಡಿಮೆ. ಲೆಕ್ಕ ಹಾಕಿ ನೋಡಿದರೆ ಬೆಂಗಳೂರಿನ 24 ಡಿಗ್ರಿ ನೀರೂ ಮಂಗಳೂರಿನ 30 ಡಿಗ್ರಿ ನೀರೂ ಹೆಚ್ಚುಕಡಿಮೆ ಒಂದೇ! "ನಮ್ಮೂರು ತಂಪು, ಗಾಳಿ ಏನೂ ಬೇಡ" ಅನ್ನುವ ಬೆಂಗಳೂರಿನವರು ಏಪ್ರಿಲ್ ತಿಂಗಳಲ್ಲಿ ಒಂದು ಸಲ ತೊಟ್ಟಿಗೆ ಥರ್ಮಾಮೀಟರ್ ಇಟ್ಟು ನೋಡಬೇಕು.

ಫೈಟರ್ ಮತ್ತು ಗೌರಾಮಿ ಮೇಲೆ ಬಂದು ನೇರವಾಗಿ ಗಾಳಿ ನುಂಗಿ ಉಸಿರಾಡಬಲ್ಲವು. ಅವುಗಳಿಗೆ ಬೇಕಾದದ್ದು ನಿಂತ ಹಾಗಿರುವ ನೀರು. ಗಂಡು ಫೈಟರ್ ಮೇಲ್ಮೈಯಲ್ಲಿ ನೊರೆಯ ಗೂಡು ಕಟ್ಟುತ್ತದೆ, ಜೋರು ಗುಳ್ಳೆ ಅದನ್ನು ಒಡೆಯುತ್ತದೆ. ಗೋಲ್ಡ್ ಫಿಶ್ ಇದಕ್ಕೆ ತದ್ವಿರುದ್ಧ. ತಿನ್ನುವುದೂ ಜಾಸ್ತಿ, ಗಲೀಜೂ ಜಾಸ್ತಿ, ಗಾಳಿಯ ಹಸಿವೂ ಜಾಸ್ತಿ. ಗಪ್ಪಿ, ಮಾಲಿ ಇವೆರಡರ ನಡುವೆ. ಮರಿಗಳಿಗೆ ಮತ್ತು ಸಣ್ಣ ಸೀಗಡಿಗೆ ಮೆಲ್ಲಗೆ ಆಡುವ ಸ್ಪಾಂಜ್ ಫಿಲ್ಟರ್ (ಪಂಪಿನ ಗುಳ್ಳೆಯ ಬಲದಿಂದ ನೀರನ್ನು ಸ್ಪಾಂಜಿನ ಮೂಲಕ ಎಳೆದು ಸೋಸುವಂಥದ್ದು) ಸಾಕು.

ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಗಾಳಿ ಸಾಲದು ಅಂತ ಅನುಮಾನಿಸಿ. ಬೆಳಗಿನ ಜಾವ ನೋಡಿದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಗಿಡಗಳಿರುವ ತೊಟ್ಟಿಯಲ್ಲಿ ರಾತ್ರಿಯೆಲ್ಲ ಗಿಡಗಳೂ ಆಮ್ಲಜನಕವನ್ನೇ ಬಳಸುತ್ತವೆ, ಬೆಳಕು ಹರಿಯುವ ಮುಂಚೆ ಅದು ತೀರಾ ಕೆಳಗಿಳಿದಿರುತ್ತದೆ.

ತಿರುಗಣೆ ಇರುವ ಪಂಪೋ, ಬೇರೆ ವಾಲ್ವೋ

ಮೊದಲೇ ಹೇಳಿಬಿಡುತ್ತೇನೆ, ಕೆಲವರಿಗೆ ಪಂಪೇ ಬೇಡ. ಗಾಜಿಗೆ ನೇತುಹಾಕುವ ಫಿಲ್ಟರ್ ಇದ್ದು, ಅದರ ನೀರು ಸಣ್ಣ ಜಲಪಾತದ ಹಾಗೆ ಬೀಳುತ್ತಿದ್ದರೆ ಮೇಲ್ಮೈ ಆಗಲೇ ಅಲುಗುತ್ತಿದೆ. ಒಳಗೆ ಮುಳುಗಿಸುವ ಪವರ್ ಫಿಲ್ಟರುಗಳಲ್ಲಿ ಗಾಳಿ ಎಳೆಯುವ ಸಣ್ಣ ಕೊಳವೆ ಇರುತ್ತದೆ, ಅದರ ತುದಿಯ ಮುಚ್ಚಳ ತಿರುಗಿಸಿದರೆ ಗಾಳಿ ಹೆಚ್ಚು ಕಡಿಮೆ ಆಗುತ್ತದೆ. ಅಲ್ಲಿ ತಳ್ಳುವ ಪಂಪಿಲ್ಲ, ಹರಿಯುವ ನೀರೇ ಗಾಳಿಯನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ಪೂರ್ತಿ ಮುಚ್ಚಿದರೂ ಏನೂ ಕೆಡುವುದಿಲ್ಲ.

ಪಂಪು ಬೇಕೇ ಬೇಕು, ತೊಟ್ಟಿ ಒಂದೇ, ಇನ್ನೂ ಏನೂ ಕೊಂಡಿಲ್ಲ ಅನ್ನುವವರಿಗೆ ನನ್ನ ಸಲಹೆ ತಿರುಗಣೆ ಇರುವ ಪಂಪು. ಒಳ್ಳೆಯ ಪಂಪಿನಲ್ಲಿ ಈ ತಿರುಗಣೆ ತೋಳಿನ ಕುಣಿತವನ್ನೇ ಕಡಿಮೆ ಮಾಡುತ್ತದೆ. ಗಾಳಿ ಹುಟ್ಟುವುದೇ ಕಡಿಮೆ, ಮಿಕ್ಕುವ ಪ್ರಶ್ನೆಯೇ ಇಲ್ಲ. ಸದ್ದೂ ಇಳಿಯುತ್ತದೆ. ಮಲಗುವ ಕೋಣೆಯಲ್ಲಿ ತೊಟ್ಟಿ ಇಟ್ಟವರಿಗೆ ಇದೊಂದೇ ಕಾರಣ ಸಾಕು.

ಆದರೆ ಎಲ್ಲ ತಿರುಗಣೆಯೂ ಒಂದೇ ಅಲ್ಲ. ಅಗ್ಗದ ಕೆಲವು ಪಂಪುಗಳಲ್ಲಿ ಅದು ಬರೀ ಬಾಯಿ ಬಿಗಿಯುವ ವಾಲ್ವ್, ನನ್ನ ರಬ್ಬರ್ ಬ್ಯಾಂಡಿನ ಅಣ್ಣ. ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಪಂಪು ಹಾಕಿಸಿ ಮೇಲೆ ಅಂಗೈ ಇಡಿ. ತಿರುಗಣೆ ಇಳಿಸಿದಾಗ ಅದುರುವುದೂ ಇಳಿದರೆ ಸರಿ. ಗಾಳಿ ಕಡಿಮೆಯಾಗಿ ಅದುರುವುದು ಹಾಗೇ ಉಳಿದರೆ, ಅಥವಾ ಸದ್ದು ಗಡುಸಾದರೆ, ಅದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ. ಇನ್ನೊಂದು ಮಿತಿಯೂ ಇದೆ. ದೊಡ್ಡ ಪಂಪಿನ ತಿರುಗಣೆಯನ್ನು ತೀರಾ ಕೆಳಗಿಳಿಸಿದರೂ ಒಂದಡಿ ತೊಟ್ಟಿಗೆ ಅದು ಜಾಸ್ತಿಯೇ ಆಗಬಹುದು. ಎರಡು ಬಾಯಿಯ ಪಂಪುಗಳಲ್ಲಿ ಬಹಳ ಸಲ ಎರಡಕ್ಕೂ ಒಂದೇ ತಿರುಗಣೆ ಇರುತ್ತದೆ. ಒಂದನ್ನು ಜೋರು, ಇನ್ನೊಂದನ್ನು ಮೆಲ್ಲಗೆ ಮಾಡುವುದಕ್ಕೆ ಅದು ಬರುವುದಿಲ್ಲ.

ಮನೆಯಲ್ಲಿ ಆಗಲೇ ಸಾದಾ ಪಂಪಿದ್ದರೆ? ಆಗ ವಾಲ್ವಿನ ಮೊರೆ ಹೋಗಬೇಕು.

ಪ್ಲಾಸ್ಟಿಕ್ಕಿನ ಒಂಟಿ ವಾಲ್ವ್ ದರ್ಶಿನಿಯ ಒಂದು ಕಾಫಿ ದುಡ್ಡಿಗೆ ಸಿಗುವ ಸಾಮಾನು. ಟ್ಯೂಬು ಕತ್ತರಿಸಿ ನಡುವೆ ಸಿಕ್ಕಿಸಿದರೆ ಮುಗಿಯಿತು. ಕಾಲು ಸುತ್ತು ತಿರುಗುವ ಕಿವಿ ಇರುವಂಥವು ಪೂರ್ತಿ ತೆರೆಯುವುದಕ್ಕೆ, ಪೂರ್ತಿ ಮುಚ್ಚುವುದಕ್ಕೆ ಸರಿ. ನಡುವೆ ಹದ ಹಿಡಿಯುವುದು ಮಾತ್ರ ಕಷ್ಟ. ಒಂದು ಕೂದಲೆಳೆ ಅತ್ತ ಹೋದರೆ ಗುಳ್ಳೆಯೇ ಇಲ್ಲ, ಇತ್ತ ಬಂದರೆ ಎಸರು. ಸಣ್ಣ ಸ್ಕ್ರೂ ತರಹ ಹಲವು ಸುತ್ತು ತಿರುಗುವ ಸೂಜಿ ವಾಲ್ವ್ ಸಿಕ್ಕರೆ ಅದನ್ನೇ ಆರಿಸಿ. ಗುಳ್ಳೆಗಳನ್ನು ಒಂದೊಂದಾಗಿ ಎಣಿಸುವಷ್ಟು ಸಣ್ಣದಾಗಿಸಬಹುದು. ಆದರೆ ಎರಡಕ್ಕೂ ಒಂದೇ ಮಾತು: ಒಂದು ಬಾಯಿಯ ಪಂಪಿಗೆ ಒಂದೇ ವಾಲ್ವ್ ಹಾಕಿ ಬಿಗಿದರೆ ನನ್ನ ಮೊದಲ ಪಂಪಿನ ಕಥೆಯೇ ನಿಮ್ಮದೂ. ಸ್ವಲ್ಪ ಇಳಿಸುವುದಕ್ಕೆ ಪರವಾಗಿಲ್ಲ. ಅರ್ಧಕ್ಕಿಂತ ಜಾಸ್ತಿ ಇಳಿಸಬೇಕು ಅಂದರೆ ಮುಂದಿನ ದಾರಿ ನೋಡಿ.

ಟೀ ಹಾಕಿ ಮಿಕ್ಕಿದ್ದನ್ನು ಆಚೆ ಬಿಡುವುದು

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಇದಕ್ಕೆ ಒಂದು ಟೀ (ಇಂಗ್ಲಿಷಿನ T ಆಕಾರದ, ಮೂರು ಬಾಯಿಯ ಜೋಡಣೆ ತುಂಡು), ಒಂದು ವಾಲ್ವ್, ಗೇಣುದ್ದ ಟ್ಯೂಬು ಸಾಕು. ಪಂಪಿನಿಂದ ಬರುವ ಟ್ಯೂಬಿಗೆ ಟೀ ಹಾಕಿ. ಒಂದು ಕವಲು ತೊಟ್ಟಿಗೆ, ಇನ್ನೊಂದು ಕವಲು ಬಯಲಿಗೆ. ವಾಲ್ವ್ ಹಾಕಬೇಕಾದದ್ದು ಬಯಲಿನ ಕವಲಿಗೆ, ತೊಟ್ಟಿಯ ಕವಲಿಗಲ್ಲ. ಇಲ್ಲೇ ಬಹಳ ಜನ ಎಡವುವುದು.

ಬಯಲಿನ ವಾಲ್ವ್ ಮುಚ್ಚಿದ್ದಾಗ ಗಾಳಿಯೆಲ್ಲ ತೊಟ್ಟಿಗೆ ಹೋಗುತ್ತದೆ. ಸ್ವಲ್ಪ ಸ್ವಲ್ಪ ತೆರೆಯುತ್ತಾ ಬಂದರೆ ತೊಟ್ಟಿಯ ಗುಳ್ಳೆ ಇಳಿಯುತ್ತಾ ಬರುತ್ತದೆ. ಪಂಪಿಗೆ ಭಾರವೂ ಇಳಿಯುತ್ತದೆ, ಯಾಕೆಂದರೆ ಅದಕ್ಕೆ ಈಗ ಎರಡು ಬಾಗಿಲು. ಬಿಗಿಯುವ ವಾಲ್ವಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ. ಅಲ್ಲಿ ಗುಳ್ಳೆ ಇಳಿದಷ್ಟೂ ಪಂಪು ಏದುಸಿರು ಬಿಡುತ್ತದೆ, ಇಲ್ಲಿ ಗುಳ್ಳೆ ಇಳಿದಷ್ಟೂ ಪಂಪು ಹಗುರಾಗುತ್ತದೆ.

ಕೆಡುಕು ಅಂದರೆ ಸದ್ದು. ಆಚೆ ಹೋಗುವ ಗಾಳಿ ಸುಯ್ಯೆನ್ನುತ್ತದೆ. ಇದಕ್ಕೆ ಸುಲಭದ ಮದ್ದು, ಬಯಲಿನ ಟ್ಯೂಬಿನ ತುದಿಗೆ ಒಂದು ಏರ್ ಸ್ಟೋನ್ ಸಿಕ್ಕಿಸುವುದು. ನೀರಿಲ್ಲದೆ, ಸುಮ್ನೆ ಗಾಳಿಯಲ್ಲೇ. ಕಲ್ಲಿನ ಸಾವಿರ ರಂಧ್ರಗಳಲ್ಲಿ ಗಾಳಿ ಹಂಚಿ ಹೋಗಿ ಸದ್ದು ಅಡಗುತ್ತದೆ. ಇನ್ನೊಂದು ಮಾತು, ವಾಲ್ವನ್ನು ಪೂರ್ತಿ ತೆರೆದರೆ ತೊಟ್ಟಿಗೆ ಗಾಳಿಯೇ ಹೋಗುವುದಿಲ್ಲ. ಅದು ಯಾಕೆ ಅಂತ ತಿಳಿದರೆ ನಾಲ್ಕು ತೊಟ್ಟಿ ಇಟ್ಟವರ ಅರ್ಧ ತಲೆನೋವು ಹೋಗುತ್ತದೆ.

ಗಾಳಿ ಸೋಮಾರಿ. ಸುಲಭದ ದಾರಿ ಬಿಟ್ಟು ಕಷ್ಟದ ದಾರಿ ಹಿಡಿಯುವುದಿಲ್ಲ. ನೀರಿನಲ್ಲಿ ಪ್ರತಿ 10 ಸೆಂಟಿಮೀಟರ್ ಆಳಕ್ಕೆ ಸುಮಾರು 1 ಕಿಲೋಪ್ಯಾಸ್ಕಲ್ ಒತ್ತಡ ಮೀರಿದರೇ ಗುಳ್ಳೆ ಹೊರಡುವುದು. ಒಂದೇ ಪಂಪಿನಿಂದ 20 ಸೆಂಟಿಮೀಟರ್ ಆಳದಲ್ಲಿ ಒಂದು ಕಲ್ಲು, 40 ಸೆಂಟಿಮೀಟರ್ ಆಳದಲ್ಲಿ ಒಂದು ಸ್ಪಾಂಜ್ ಫಿಲ್ಟರ್ ಇಟ್ಟರೆ ಗಾಳಿಯೆಲ್ಲ 20ರ ಕಡೆಗೇ ನುಗ್ಗುತ್ತದೆ. "ಫಿಲ್ಟರ್ ಕೆಟ್ಟಿದೆ" ಅಂತ ಅದನ್ನು ಬಿಚ್ಚಿ ತೊಳೆದು ಮತ್ತೆ ಹಾಕಿದವರನ್ನು ನೋಡಿದ್ದೇನೆ. ಫಿಲ್ಟರ್ ಕೆಟ್ಟಿಲ್ಲ. ಆಳ ಕಡಿಮೆ ಇರುವ ಕವಲಿಗೆ ವಾಲ್ವ್ ಹಾಕಿ ಸ್ವಲ್ಪ ಬಿಗಿಯಿರಿ, ಆಳದ ಕವಲನ್ನು ಪೂರ್ತಿ ತೆರೆದೇ ಇಡಿ. ಆಗ ಎರಡೂ ಕಡೆ ಗುಳ್ಳೆ ಏಳುತ್ತದೆ.

ನಾಲ್ಕು ದಾರಿಯ ವಾಲ್ವ್: ಪ್ಲಾಸ್ಟಿಕ್ಕೋ, ಹಿತ್ತಾಳೆಯೋ

ಒಂದಕ್ಕಿಂತ ಜಾಸ್ತಿ ತೊಟ್ಟಿ ಇದ್ದರೆ ಅಥವಾ ಒಂದೇ ದೊಡ್ಡ ತೊಟ್ಟಿಯಲ್ಲಿ ಎರಡು ಮೂರು ಕಡೆ ಗಾಳಿ ಬೇಕಿದ್ದರೆ ಸಾಲಾಗಿ ವಾಲ್ವ್ ಜೋಡಿಸಿದ ಪಟ್ಟಿ ತಗೊಳ್ಳಿ. ಅಂಗಡಿಯಲ್ಲಿ ಟೂ ವೇ, ಫೋರ್ ವೇ ಅಂತ ಕೇಳಿದರೆ ಕೊಡುತ್ತಾರೆ. ಬೇಕಾದ್ದಕ್ಕಿಂತ ಒಂದು ಬಾಯಿ ಜಾಸ್ತಿ ಇರುವುದನ್ನೇ ಕೊಳ್ಳಿ. ಮಿಕ್ಕ ಆ ಬಾಯಿಯೇ ಬಯಲಿನ ಕವಲು, ಬೇರೆ ಟೀ ಬೇಡ.

ಪ್ಲಾಸ್ಟಿಕ್ ಪಟ್ಟಿ ಅಗ್ಗ. ಒಂದೆರಡು ವರ್ಷಕ್ಕೆ ಕಿವಿಗಳು ಸಡಿಲಾಗಿ ಗಾಳಿ ಸೋರುತ್ತದೆ, ತಿರುಗಿಸುವಾಗ ಪಟ್ಟನೆ ಮುರಿಯುವುದೂ ಉಂಟು. ಹಿತ್ತಾಳೆ ಅಥವಾ ಸ್ಟೀಲಿನ ಪಟ್ಟಿ ಕೆಲವು ಪಟ್ಟು ಜಾಸ್ತಿ ಬೆಲೆ, ಆದರೆ ತಿರುಗಣೆ ನಯ, ಹದ ಒಮ್ಮೆ ಇಟ್ಟರೆ ಅಲ್ಲೇ ನಿಲ್ಲುತ್ತದೆ. ಮೂರು ತೊಟ್ಟಿ ದಾಟಿದರೆ ಲೋಹದ್ದೇ ಲೇಸು ಅನ್ನುತ್ತೇನೆ. ಒಂದೇ ತೊಟ್ಟಿಗೆ ಅದು ದುಂದು.

ಹಿತ್ತಾಳೆಯಲ್ಲಿ ತಾಮ್ರ ಇದೆ, ತಾಮ್ರ ಸೀಗಡಿಗೆ ವಿಷ, ಹಾಗಾದರೆ ಬಳಸಬಹುದಾ ಅಂತ ಕೆಲವರು ಕೇಳುತ್ತಾರೆ. ವಾಲ್ವಿನೊಳಗೆ ಹೋಗುವುದು ಗಾಳಿ ಮಾತ್ರ. ನೀರು ಮುಟ್ಟದ ಕಡೆ, ತೊಟ್ಟಿಯ ಆಚೆ ಇದ್ದರೆ ಭಯವಿಲ್ಲ. ನೀರೊಳಗೆ ಮುಳುಗಿಸಬೇಡಿ ಅಷ್ಟೇ.

ದುಡ್ಡು ಉಳಿಸುವ ಇನ್ನೊಂದು ದಾರಿ ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವ ಸೆಟ್ಟಿನ ಉರುಳುಗಾಲಿ. ಮೆಡಿಕಲ್ ಶಾಪಿನಲ್ಲಿ ಹೊಸ ಸೆಟ್ ಕೊಂಡು, ಉರುಳುಗಾಲಿ ಇರುವ ಗೇಣುದ್ದದ ತುಂಡು ಕತ್ತರಿಸಿ, ಏರ್ ಟ್ಯೂಬಿನ ನಡುವೆ ಸೇರಿಸುತ್ತಾರೆ. ಡ್ರಿಪ್ಪಿನ ಟ್ಯೂಬು ತೆಳು, ಏರ್ ಟ್ಯೂಬಿನೊಳಗೆ ಬಿಗಿಯಾಗಿ ಕೂರುತ್ತದೆ. ಹದ ಚೆನ್ನಾಗಿ ಸಿಗುತ್ತದೆ. ಆದರೆ ಕೆಲವು ವಾರಕ್ಕೆ ಟ್ಯೂಬು ಒತ್ತಿದ ಕಡೆ ಚಪ್ಪಟೆಯಾಗಿ ಗಾಳಿ ತಾನಾಗಿಯೇ ಕಡಿಮೆಯಾಗುತ್ತಾ ಹೋಗುತ್ತದೆ. ತುರ್ತಿಗೆ ಸೈ, ಊರಿಗೆ ಹೋಗುವಾಗ ಅದನ್ನು ನಂಬಿ ಹೋಗಬೇಡಿ.

ಸೀಲಿಂಗ್ ಫ್ಯಾನಿನ ರೆಗ್ಯುಲೇಟರಿಗೆ ಪಂಪು ಜೋಡಿಸುವ ಪ್ರಯೋಗ ಮಾತ್ರ ಬೇಡ. ಆ ರೆಗ್ಯುಲೇಟರು ಫ್ಯಾನಿಗೆ ಅಂತ ಮಾಡಿದ್ದು, ಮೂರ್ನಾಲ್ಕು ವಾಟಿನ ಪಂಪಿಗಲ್ಲ. ನೀರಿನ ಪಕ್ಕದಲ್ಲಿ ಕೈಯಾರೆ ವೈರಿಂಗ್ ಮಾಡುವುದೂ ಒಳ್ಳೆಯದಲ್ಲ.

ಟೈಮರ್ ಯಾರಿಗೆ

ಗಿಡಗಳಿಗೆ ಕಾರ್ಬನ್ ಡೈಆಕ್ಸೈಡ್ ಬಿಡುವವರಿಗೆ. ಜೋರು ಗುಳ್ಳೆ ನೀರಲ್ಲಿರುವ ಆ ಗ್ಯಾಸನ್ನು ಹಾರಿಸಿಬಿಡುತ್ತದೆ, ಕೊಟ್ಟ ದುಡ್ಡು ಗಾಳಿಗೆ. ಅದಕ್ಕೆ ಹಗಲು ದೀಪ ಉರಿಯುವಾಗ ಗಾಳಿ ಬಂದ್, ರಾತ್ರಿ ದೀಪ ಆರಿದ ಮೇಲೆ ಗಾಳಿ. ಬೇರೆಯವರಿಗೆ ಟೈಮರ್ ಬೇಕಿಲ್ಲ. ಸ್ಪಾಂಜ್ ಫಿಲ್ಟರ್ ಒಂದೇ ಇರುವ ತೊಟ್ಟಿಗಂತೂ ಬೇಡವೇ ಬೇಡ. ಸ್ಪಾಂಜಿನಲ್ಲಿ ಕೂತು ಮೀನಿನ ಗಲೀಜು ಕರಗಿಸುವ ಬ್ಯಾಕ್ಟೀರಿಯಾಗಳಿಗೂ ಆಮ್ಲಜನಕ ಬೇಕು. ಕರೆಂಟಿನ ಬಿಲ್ಲಿಗೆ ಹೆದರಿ ಆರಿಸುವವರಿದ್ದಾರೆ. 3 ವಾಟಿನ ಪಂಪು ತಿಂಗಳೆಲ್ಲ ಓಡಿದರೂ ಎರಡು ಯೂನಿಟ್ಟಿನ ಆಸುಪಾಸು ಅಷ್ಟೇ.

ಕರೆಂಟ್ ಹೋದಾಗ

ಯಾವ ದಾರಿ ಹಿಡಿದರೂ ಚೆಕ್ ವಾಲ್ವ್, ಅಂದರೆ ಒಂದೇ ದಿಕ್ಕಿಗೆ ದಾರಿ ಬಿಡುವ ವಾಲ್ವ್, ಹಾಕುವುದನ್ನು ಬಿಡಬೇಡಿ. ಪಂಪು ನಿಂತ ಕೂಡಲೇ ತೊಟ್ಟಿಯ ನೀರು ಟ್ಯೂಬಿನೊಳಗೆ ಏರುತ್ತದೆ. ತೊಟ್ಟಿ ಅಂಚಿನ ತನಕ ತುಂಬಿದ್ದು, ಪಂಪು ಕೆಳಗಿದ್ದರೆ ಆ ನೀರು ಅಂಚು ದಾಟಿ ಪಂಪಿಗೂ ನೆಲಕ್ಕೂ ಇಳಿಯಬಹುದು. ನಮ್ಮನೆಯಲ್ಲಿ ಒಂದು ಮಧ್ಯಾಹ್ನ ಹೀಗೇ ಆಯ್ತು. ಟ್ಯೂಬಿನ ತುದಿ ತೊಟ್ಟಿಯ ಅಡಿಯಲ್ಲಿತ್ತು. ನೋಡಿದಾಗ ಮೀನಿಗೆ ನಾಲ್ಕು ಬೆರಳು ನೀರು ಉಳಿದಿತ್ತು. ಚೆಕ್ ವಾಲ್ವ್ ಕೊಂಡಾಗ ಬಾಯಲ್ಲಿ ಊದಿ ನೋಡಿ. ಒಂದು ಕಡೆಯಿಂದ ಗಾಳಿ ಹೋಗಬೇಕು, ಇನ್ನೊಂದು ಕಡೆಯಿಂದ ಹೋಗಬಾರದು. ಗಾಳಿ ಹೋಗುವ ದಿಕ್ಕು ತೊಟ್ಟಿಯ ಕಡೆಗಿರಲಿ.

ಟೀ ಅಥವಾ ಪಟ್ಟಿ ಹಾಕಿದ್ದರೆ ಚೆಕ್ ವಾಲ್ವ್ ಇರಬೇಕಾದ ಜಾಗ ಟೀಯಿಂದ ತೊಟ್ಟಿಗೆ ಹೋಗುವ ಕವಲಿನಲ್ಲಿ. ಪಂಪು ಮತ್ತು ಟೀ ನಡುವೆ ಹಾಕಿದರೆ ಪಂಪು ಉಳಿಯುತ್ತದೆ, ನೀರು ಬಯಲಿನ ಕವಲಿನಿಂದ ಸೋರಬಹುದು. ಹಲವು ತೊಟ್ಟಿ ಇದ್ದರೆ ಕವಲಿಗೊಂದು. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡುವ ಜಾಗ ಇದ್ದರೆ ಇನ್ನೂ ಒಳ್ಳೆಯದು. ಕೆಳಗೆ ಹಳೇ ಮೌಸ್ ಪ್ಯಾಡ್ ಹಾಕಿದರೆ ಸದ್ದೂ ಕಡಿಮೆ.

ವಾಲ್ವ್ ಮುಟ್ಟದೇ ಗುಳ್ಳೆ ಇಳಿದರೆ ವಾಲ್ವನ್ನು ಬೈಯುವ ಮೊದಲು ಏರ್ ಸ್ಟೋನ್ ತೆಗೆದು ನೋಡಿ. ಕಲ್ಲಿಲ್ಲದೆ ಗುಳ್ಳೆ ಜೋರಾಗಿ ಬಂದರೆ ಕಲ್ಲು ಕಟ್ಟಿಕೊಂಡಿದೆ. ಬೋರ್‌ವೆಲ್ ನೀರಿನ ಗಡಸಿಗೆ ಅದರ ಮೇಲೆ ಬಿಳಿ ಪೊರೆ ಕೂರುತ್ತದೆ. ವಿನೆಗರಿನಲ್ಲಿ ನೆನೆಸಿ, ಚೆನ್ನಾಗಿ ತೊಳೆದು ಹಾಕಬಹುದು. ಹಳೆಯದಾಗಿದ್ದರೆ ಎಸೆಯಿರಿ, ಹೊಸದಕ್ಕೆ ಬೆಲೆ ಎಷ್ಟು ಮಹಾ.

ಈಗ ನಮ್ಮನೆಯ ಫೈಟರಿಗೆ ಇರುವುದು ಅದೇ ಒಂದಡಿ ತೊಟ್ಟಿ, ಒಂದು ಸ್ಪಾಂಜ್ ಫಿಲ್ಟರ್, ಹಳೇ ತರಹದ್ದೇ ಸಾದಾ ಪಂಪು, ಟೀ. ಬಯಲಿನ ಕವಲನ್ನು ಬಯಲಿಗೆ ಬಿಡದೆ ಪಕ್ಕದ ಬಕೆಟ್ಟಿಗೆ ಇಳಿಸಿದ್ದೇನೆ. ವಾರಕ್ಕೊಮ್ಮೆ ಬದಲಾಯಿಸುವ ನಲ್ಲಿ ನೀರನ್ನು ಹಿಂದಿನ ದಿನವೇ ಅದರಲ್ಲಿ ತುಂಬಿಡುತ್ತೇನೆ. ಮಿಕ್ಕ ಗಾಳಿ ಅಲ್ಲಿ ರಾತ್ರಿಯಿಡೀ ಗುಳ್ಳೆ ಎಬ್ಬಿಸಿ ಕ್ಲೋರಿನ್ ಬೇಗ ಹಾರುವ ಹಾಗೆ ಮಾಡುತ್ತದೆ. ಬಕೆಟ್ಟು ಕೆಳಗಿರುವುದರಿಂದ ಎರಡೂ ಕವಲಿಗೆ ಚೆಕ್ ವಾಲ್ವ್ ಇದೆ. ತೊಟ್ಟಿಯ ಮೂಲೆಯಲ್ಲಿ ಈಗ ನೊರೆಯ ಗೂಡು, ಬಕೆಟ್ಟಿನಲ್ಲಿ ಎಸರು. ಅಮ್ಮ ಬಗ್ಗಿ ನೋಡಿ, "ಇದರಲ್ಲಿ ಮೀನೇ ಇಲ್ವಲ್ಲೋ" ಅಂದರು.